ವಿಶ್ವೇಶ್ವರಯ್ಯನವರ ಜಪಾನ್ ಪ್ರವಾಸ

ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು ಮೊದಲ ಬಾರಿ ಜಪಾನಿಗೆ ಹೋದದ್ದು 1898ರಲ್ಲಿ, ಮುಂಬಯಿ ಸರ್ಕಾರದ ಎಂಜಿನಿಯರ್ ಆಗಿದ್ದಾಗ. ಮುಂಬಯಿಗೂ ಕೋಬೆಗೂ ನಡುವೆ ಜಪಾನಿ ಹಡಗುಗಳು ಓಡತೊಡಗಿ ಆಗಿನ್ನೂ ಐದು ವರ್ಷ. ಅಂದಿನ ಜಪಾನ್ ಇಡೀ ದೇಶವೇ ಶಾಲೆಗೆ ಹೊರಟಂತಿತ್ತು. 1872ರ ಶಿಕ್ಷಣ ಶಾಸನ ಯಾವ ಮನೆಯಲ್ಲೂ ಓದುಬರಹ ಬಾರದವರು ಇರಬಾರದೆಂದು ಬಯಸಿತ್ತು. ಟೋಕಿಯೊ ವಿಶ್ವವಿದ್ಯಾಲಯದ ಹುಡುಗರು ಎದ್ದುನಿಂತ ಕಾಲರಿನ, ಲೋಹದ ಗುಂಡಿಗಳ ಕಪ್ಪು ಕೋಟು ತೊಟ್ಟು ಪಾಠಕ್ಕೆ ಹೋಗುತ್ತಿದ್ದರು. ಸರ್ಕಾರವೇ ಖರ್ಚು ಕೊಟ್ಟು ತರುಣರನ್ನು ಯೂರೋಪು, ಅಮೆರಿಕಗಳಿಗೆ ಕಲಿಯಲು ಕಳಿಸುತ್ತಿತ್ತು.

ಆ ಪ್ರವಾಸದ ಹೆಚ್ಚಿನ ಫಲ ಉಂಡದ್ದು ಮೈಸೂರು ಸೀಮೆ. ಅವರು 1912ರಲ್ಲಿ ದಿವಾನರಾದ ಮೇಲೆ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾನೂನು, 1916ರಲ್ಲಿ ಮೈಸೂರು ವಿಶ್ವವಿದ್ಯಾಲಯ, 1917ರಲ್ಲಿ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು ಬಂದವು. ದಿವಾನಗಿರಿ ಬಿಟ್ಟ ಮೇಲೆ ಮತ್ತೊಮ್ಮೆ ಜಪಾನಿಗೆ ಹೋದರು. 1920ರ ‘ರೀಕನ್‌ಸ್ಟ್ರಕ್ಟಿಂಗ್ ಇಂಡಿಯಾ’ ಪುಸ್ತಕದಲ್ಲಿ ಭಾರತದ ಸ್ಥಿತಿಯನ್ನು ಜಪಾನಿನೊಡನೆ ಇಟ್ಟು ನೋಡಿದರು.