ಶಿಶುಶಿಕ್ಷಣದ ವಾರ್ತೆಯೂ ಅದರ ವಾಹಕರೂ

ವೈದ್ಯನಾದವನು ಹೊಸ ಔಷಧದ ಸಮಾಚಾರವನ್ನು ತಿಳಿಯದಿದ್ದರೆ ಜನರು ಅವನನ್ನು ಆಕ್ಷೇಪಿಸುವರು. ಬೇಸಾಯಗಾರನು ಸಹ ಒಳ್ಳೆಯ ಬಿತ್ತನೆ ಬೀಜದ ಸುದ್ದಿ ಕೇಳಿಬಂದರೆ ಎರಡು ಹರದಾರಿ ನಡೆದುಹೋಗಿ ವಿಚಾರಿಸಿಕೊಂಡು ಬರುವನು. ಆದರೆ ಮೂರು ವರ್ಷದ ಮಗುವಿನ ಕಲಿಕೆಯ ಮಾತು ಬಂದಾಗ ಮಾತ್ರ, ‘ಇದರಲ್ಲಿ ಹೊಸದಾಗಿ ತಿಳಿಯತಕ್ಕದ್ದೇನಿದೆ? ನಾವೂ ಮಕ್ಕಳಾಗಿದ್ದವರೇ ಅಲ್ಲವೆ?’ ಎಂಬ ಉತ್ತರವು ಸುಶಿಕ್ಷಿತರ ಮನೆಗಳಲ್ಲಿಯೂ ಕೇಳಿಬರುವುದುಂಟು. ಶಿಶುವಿನ ಶಿಕ್ಷಣದಲ್ಲಿಯೂ ಶೋಧನೆಯೆಂಬುದು ನಡೆದಿದೆ. ಆ ಶೋಧನೆಯ ಫಲವು ಪುಸ್ತಕ, ಪತ್ರಿಕೆ, ಪ್ರವಾಸಗಳ ಮೂಲಕ ದೇಶದಿಂದ ದೇಶಕ್ಕೆ ಸಂಚರಿಸಿದೆ. ಅದು ಸರಿಯಾಗಿ ತಲಪಿದಲ್ಲಿ ಮಕ್ಕಳಿಗೆ ಹಿತವಾಗಿದೆ. ಅಪಭ್ರಂಶವಾಗಿ ತಲಪಿದಲ್ಲಿ ಅದೇ ಮಕ್ಕಳು ಅದರ ದಂಡವನ್ನು ತೆತ್ತಿದ್ದಾರೆ. ಈ ಸಂಚಾರದ ಚರಿತ್ರೆಯು ಮನನಯೋಗ್ಯವಾದುದು.

ಜರ್ಮನಿಯ ಫ್ರೆಡ್ರಿಕ್ ಫ್ರೋಬೆಲನು (೧೭೮೨-೧೮೫೨) ಬ್ಲಾಂಕೆನ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ೧೮೩೭ರಲ್ಲಿ ಎಳೆಯ ಮಕ್ಕಳಿಗಾಗಿ ಒಂದು ಸಂಸ್ಥೆಯನ್ನು ತೆರೆದು, ೧೮೪೦ರಲ್ಲಿ ಅದಕ್ಕೆ ‘ಕಿಂಡರ್‌ಗಾರ್ಟನ್’, ಎಂದರೆ ‘ಮಕ್ಕಳ ತೋಟ’, ಎಂಬ ಹೆಸರನ್ನಿಟ್ಟನು. ಆಟವು ಕಾಲಹರಣವಲ್ಲ, ಅದೇ ಶಿಶುವಿನ ವಿದ್ಯಾಭ್ಯಾಸ ಎಂಬುದು ಅವನ ಸಿದ್ಧಾಂತ. ಚೆಂಡು, ಗೋಳ, ಘನ, ಮರದ ತುಂಡುಗಳನ್ನು ಕ್ರಮವಾಗಿ ಮಗುವಿನ ಕೈಗೆ ಕೊಟ್ಟು, ಹಾಡು ಕಟ್ಟಿ, ತೋಟದಲ್ಲಿ ಪಾತಿ ಮಾಡಿಸಿ ಅವನು ಆ ಸಿದ್ಧಾಂತವನ್ನು ಆಚರಣೆಗೆ ತಂದನು. ತನ್ನ ಪ್ರಯೋಗಗಳು ಊರಿನ ಎಲ್ಲೆಯನ್ನು ದಾಟಬೇಕೆಂದು ಒಂದು ವಾರಪತ್ರಿಕೆಯನ್ನೂ ಕೆಲಕಾಲ ನಡೆಸಿದನು. ಶಿಶುಶಿಕ್ಷಣವೂ ಅದರ ವಾರ್ತೆಯೂ ಹೀಗೆ ಜೊತೆಯಲ್ಲಿಯೇ ಹುಟ್ಟಿದುವೆನ್ನಬಹುದು.

ಆದರೆ ವಾರ್ತೆಯು ತಪ್ಪಾಗಿ ತಲಪಿದರೆ ಏನಾಗುವುದೆಂಬುದಕ್ಕೂ ಫ್ರೋಬೆಲನ ಜೀವನವೇ ನಿದರ್ಶನವಾಯಿತು. ಅವನ ಸೋದರನ ಮಗನಾದ ಕಾರ್ಲ್ ಫ್ರೋಬೆಲನೆಂಬವನು ಸಮಾಜವಾದಿ ಮತದವನು. ಸ್ತ್ರೀಯರ ಉಚ್ಚಶಿಕ್ಷಣವನ್ನೂ ಕಿಂಡರ್‌ಗಾರ್ಟನ್ನುಗಳನ್ನೂ ಕುರಿತು ಒಂದು ಕಿರುಹೊತ್ತಗೆಯನ್ನು ಬರೆದಿದ್ದನು. ೧೮೪೮ರ ಕ್ರಾಂತಿಯ ಭೀತಿಯಿಂದ ಇನ್ನೂ ಚೇತರಿಸಿಕೊಳ್ಳದ ಪ್ರಷ್ಯಾ ಸರಕಾರವು ಚಿಕ್ಕಪ್ಪನ ಕೆಲಸವನ್ನೂ ಮಗನ ಬರೆಹವನ್ನೂ ಒಂದೇ ಎಂದು ಭಾವಿಸಿ, ೧೮೫೧ರ ಆಗಸ್ಟಿನಲ್ಲಿ ಕಿಂಡರ್‌ಗಾರ್ಟನ್ನುಗಳನ್ನೆಲ್ಲ ನಿಷೇಧಿಸಿತು. ಇಬ್ಬರೂ ಬೇರೆ ಬೇರೆಯವರೆಂದು ವೃದ್ಧ ಫ್ರೋಬೆಲನು ಎಷ್ಟು ಬರೆದುಕೊಂಡರೂ ಪ್ರಯೋಜನವಾಗಲಿಲ್ಲ. ಮರುವರ್ಷ ಜೂನ್ ತಿಂಗಳಲ್ಲಿ ಅವನು ತೀರಿಕೊಂಡನು. ನಿಷೇಧವು ತೆಗೆಯಲ್ಪಟ್ಟುದು ೧೮೬೦ರಲ್ಲಿ. ಒಂದು ಹೆಸರನ್ನು ಸರಿಯಾಗಿ ಓದದ ತಪ್ಪಿಗೆ ಆ ರಾಜ್ಯದ ಮಕ್ಕಳು ಒಂಬತ್ತು ವರ್ಷ ತಮ್ಮ ತೋಟವನ್ನು ಕಳೆದುಕೊಂಡರು.

ಸ್ವದೇಶದಲ್ಲಿ ಬಾಗಿಲು ಮುಚ್ಚಿದ ಈ ವಿದ್ಯೆಯನ್ನು ಹೊರನಾಡುಗಳಿಗೆ ಕೊಂಡೊಯ್ದವರು ಹೆಚ್ಚಾಗಿ ಸ್ತ್ರೀಯರೇ. ಬರ್ತಾ ಫಾನ್ ಮಾರೆನ್‌ಹೋಲ್ಟ್ಸ್-ಬ್ಯೂಲೋ ಎಂಬ ಕುಲೀನ ಮಹಿಳೆಯು ಯುರೋಪಿನ ನಗರಗಳಲ್ಲಿ ಸಂಚರಿಸಿ ಅದನ್ನು ವಿವರಿಸಿದಳು. ಮಾರ್ಗರೆಟ್ ಶುರ್ಜ್ ಎಂಬಾಕೆಯು ೧೮೫೬ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ಸಂಸ್ಥಾನದ ವಾಟರ್‌ಟೌನಿನಲ್ಲಿ ತನ್ನ ಮಗಳಿಗೂ ಬಂಧುಗಳ ಮಕ್ಕಳಿಗೂ ಜರ್ಮನ್ ಭಾಷೆಯಲ್ಲಿ ಒಂದು ಕಿಂಡರ್‌ಗಾರ್ಟನ್ ನಡೆಸಿದಳು. ಈಕೆಯ ಭೇಟಿಯಿಂದ ಪ್ರೇರಿತಳಾದ ಎಲಿಜಬೆತ್ ಪೀಬಾಡಿಯು ೧೮೬೦ರಲ್ಲಿ ಬಾಸ್ಟನ್ನಿನಲ್ಲಿ ಇಂಗ್ಲಿಷ್ ಭಾಷೆಯ ಸಂಸ್ಥೆಯನ್ನು ತೆರೆದಳು, ಕೈಪಿಡಿಯೊಂದನ್ನೂ ಪ್ರಕಟಿಸಿದಳು. ಶಾಲೆಗೆ ಹೆಸರು ಬಂತು, ಮಕ್ಕಳೂ ಬಂದರು. ಆದರೆ ಪೀಬಾಡಿಯ ಮನಸ್ಸಿಗೆ ಸಮಾಧಾನವಾಗಲಿಲ್ಲ. ಪುಸ್ತಕದಲ್ಲಿ ಓದಿದುದಕ್ಕೂ ತನ್ನ ಶಾಲೆಯಲ್ಲಿ ಕಾಣುತ್ತಿದ್ದುದಕ್ಕೂ ಎಲ್ಲಿಯೋ ಅಂತರವಿದೆಯೆಂದು ತೋರಿತು. ೧೮೬೭ರಲ್ಲಿ, ಅರುವತ್ತು ದಾಟಿದ ವಯಸ್ಸಿನಲ್ಲಿ, ಸಮುದ್ರವನ್ನು ದಾಟಿ ಯುರೋಪಿಗೆ ಹೋಗಿ, ಫ್ರೋಬೆಲನ ಶಿಷ್ಯರು ನಡೆಸುವ ಶಾಲೆಗಳನ್ನು ಕಣ್ಣಾರೆ ಕಂಡಳು. ಮರಳಿ ಬಂದು, ತಾನು ಇದುವರೆಗೆ ನಡೆಸಿದ್ದು ನಿಜವಾದ ಕಿಂಡರ್‌ಗಾರ್ಟನ್ ಅಲ್ಲವೆಂದು ಬಹಿರಂಗವಾಗಿ ಒಪ್ಪಿಕೊಂಡು, ತನ್ನ ಕೈಪಿಡಿಯನ್ನು ತಾನೇ ತಿದ್ದಿದಳು. ೧೮೭೩ರಲ್ಲಿ ಇದೇ ವಿಷಯಕ್ಕೆ ಮೀಸಲಾದ ಒಂದು ಪತ್ರಿಕೆಯನ್ನು ಹೊರಡಿಸಿದಳು. ಹೊಸದನ್ನು ತಿಳಿಯುವುದು ಸುಲಭ. ತಿಳಿದ ಮೇಲೆ ತನ್ನ ಹಳೆಯ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವುದು ಕಷ್ಟ. ಪೀಬಾಡಿಯ ಹಿರಿಮೆಯು ಈ ಎರಡನೆಯದರಲ್ಲಿದೆ.

ಅಧ್ಯಯನದ ಇನ್ನೊಂದು ಉಜ್ಜ್ವಲ ಉದಾಹರಣೆ ಇಟಲಿಯ ಮರಿಯಾ ಮಾಂಟೆಸರಿಯವರದು (೧೮೭೦-೧೯೫೨). ೧೮೯೬ರಲ್ಲಿ ವೈದ್ಯಪದವಿಯನ್ನು ಪಡೆದ ಈಕೆಗೆ ಬುದ್ಧಿಮಾಂದ್ಯವುಳ್ಳ ಮಕ್ಕಳ ಶುಶ್ರೂಷೆಯ ಸಂದರ್ಭದಲ್ಲಿ, ಇವರಿಗೆ ಬೇಕಾದುದು ಔಷಧಕ್ಕಿಂತ ಶಿಕ್ಷಣವೆಂದು ಹೊಳೆಯಿತು. ಆ ದಾರಿಯಲ್ಲಿ ಮೊದಲೇ ನಡೆದಿದ್ದವರು ಇಬ್ಬರು ಫ್ರೆಂಚ್ ವೈದ್ಯರು: ಕಾಡಿನಲ್ಲಿ ಸಿಕ್ಕಿದ ಅವೆರಾನಿನ ಬಾಲಕನಿಗೆ ಮಾತು ಕಲಿಸಲು ಶ್ರಮಿಸಿದ ಇಟಾರ್ಡ್, ಅವನ ಶಿಷ್ಯನಾದ ಸೆಗ್ವಿನ್. ಸೆಗ್ವಿನ್ನನ ಫ್ರೆಂಚ್ ಗ್ರಂಥವು ಪ್ರಕಟವಾದುದು ೧೮೪೬ರಲ್ಲಿ. ಅರ್ಧಶತಮಾನ ಕಳೆಯುವುದರೊಳಗೆ ವಿದ್ವಾಂಸರೇ ಅದನ್ನು ಮರೆತಿದ್ದರು. ಮಾಂಟೆಸರಿಯವರು ಅದನ್ನು ಹುಡುಕಿ ತೆಗೆದು, ಇಬ್ಬರ ಬರೆಹಗಳನ್ನೂ ಇಟಾಲಿಯನ್ ಭಾಷೆಗೆ ತಿರುಗಿಸಿ, ಮೊದಲಿನಿಂದ ಕೊನೆಯವರೆಗೆ ಸ್ವಹಸ್ತದಿಂದ ಪ್ರತಿಮಾಡಿಕೊಂಡರು. ನಮ್ಮ ಹಿರಿಯರು ಓಲೆಗರಿಯ ಮೇಲೆ ಗ್ರಂಥಗಳನ್ನು ಪ್ರತಿಮಾಡುತ್ತಿದ್ದ ಹಾಗೆಯೇ ಇದೂ ಒಂದು ತಪಸ್ಸು. ಪ್ರತಿಯೊಂದು ಪದದ ಅರ್ಥವನ್ನು ತೂಗಿನೋಡಲು ಅವಕಾಶವಾಗಲೆಂಬುದೇ ಆ ಶ್ರಮದ ಉದ್ದೇಶ.

ಆ ತಪಸ್ಸಿನ ಫಲವು ೧೯೦೭ರ ಜನವರಿ ೬ರಂದು ಕಾಣಿಸಿಕೊಂಡಿತು. ರೋಮಿನ ಸಾನ್ ಲೊರೆಂಜೊ ಎಂಬ ಬಡವರ ಕೇರಿಯಲ್ಲಿ, ತಂದೆತಾಯಿಗಳು ಕೂಲಿಗೆ ಹೋದಾಗ ಗೋಡೆ ಕೆಡಿಸುತ್ತ ಮೆಟ್ಟಿಲುಗಳಲ್ಲಿ ಅಲೆಯುತ್ತಿದ್ದ ಐವತ್ತಕ್ಕೂ ಮಿಕ್ಕ ಮಕ್ಕಳಿಗಾಗಿ ‘ಮಕ್ಕಳ ಮನೆ’ ತೆರೆಯಿತು. ಮಂದಬುದ್ಧಿಯವರಿಗಾಗಿ ಹುಟ್ಟಿದ ಉಪಕರಣಗಳನ್ನು ಸಾಮಾನ್ಯ ಮಕ್ಕಳ ಕೈಗೆ ಕೊಟ್ಟಾಗ ಅವರು ತಾವಾಗಿಯೇ ಗಂಟೆಗಟ್ಟಲೆ ಏಕಾಗ್ರತೆಯಿಂದ ದುಡಿದರು. ನಾಲ್ಕೈದು ವರ್ಷದವರು ಬರೆಯತೊಡಗಿದರು. ೧೯೦೯ರಲ್ಲಿ ಪುಸ್ತಕವು ಬಂದಿತು; ೧೯೧೨ರಲ್ಲಿ ಅದರ ಇಂಗ್ಲಿಷ್ ಭಾಷಾಂತರವು ಹೊರಟಿತು.

ಅಮೆರಿಕದಲ್ಲಿ ಈ ವಾರ್ತೆಗೆ ಆದ ಗತಿ ವಿಚಿತ್ರವಾದುದು. ೧೯೧೧ರಲ್ಲಿ ಒಂದು ಜನಪ್ರಿಯ ಮಾಸಪತ್ರಿಕೆಯ ಲೇಖನದಿಂದ ದೇಶದಲ್ಲೆಲ್ಲ ಉತ್ಸಾಹವು ಹಬ್ಬಿ, ಶಾಲೆಗಳು ಅಣಬೆಗಳಂತೆ ಎದ್ದುವು. ೧೯೧೪ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದ ವಿಲಿಯಂ ಕಿಲ್‌ಪ್ಯಾಟ್ರಿಕ್ ಎಂಬ ಪಂಡಿತನು ಚಿಕ್ಕದೊಂದು ವಿಮರ್ಶೆಯನ್ನು ಬರೆದು, ಈ ಪದ್ಧತಿಯು ಐವತ್ತು ವರ್ಷ ಹಿಂದಿನದೆಂದು ತೀರ್ಪಿತ್ತನು. ಅವನು ರೋಮಿಗೆ ಹೋಗಿ ನೋಡಿ ಬರೆದವನೇ. ಅವನ ಆಕ್ಷೇಪಣೆಗಳಲ್ಲಿ ಕೆಲವು ವಿಚಾರಾರ್ಹವೂ ಹೌದು. ಆದರೆ ತರಬೇತು ಶಾಲೆಗಳ ಉಪಾಧ್ಯಾಯರು ಮೂಲವನ್ನು ಬದಿಗಿರಿಸಿ ವಿಮರ್ಶೆಯನ್ನೇ ಪ್ರಮಾಣವಾಗಿ ಹಿಡಿದರು. ಎದ್ದ ಉತ್ಸಾಹವೂ ಪರೀಕ್ಷೆಯಿಲ್ಲದುದು, ಬಿದ್ದ ತಿರಸ್ಕಾರವೂ ಪರೀಕ್ಷೆಯಿಲ್ಲದುದು. ಕೆಲವೇ ವರ್ಷಗಳಲ್ಲಿ ಆ ಶಾಲೆಗಳು ಬಹುಮಟ್ಟಿಗೆ ಮಾಯವಾದುವು. ೧೯೫೮ರಲ್ಲಿ ಕನೆಕ್ಟಿಕಟ್ ಸಂಸ್ಥಾನದಲ್ಲಿ ಹೊಸದೊಂದು ಶಾಲೆಯು ತೆರೆದ ಬಳಿಕವೇ ಅಲ್ಲಿ ಈ ಪದ್ಧತಿಗೆ ಪುನರ್ಜನ್ಮವಾದುದು.

ಅದೇ ಪುಸ್ತಕದ ವಾರ್ತೆಯು ಗುಜರಾತಿಗೆ ಬಂದಾಗ ನಡೆದುದೇ ಬೇರೆ. ಗಿಜುಭಾಯಿ ಬಧೇಕಾ (೧೮೮೫-೧೯೩೯) ವೃತ್ತಿಯಿಂದ ವಕೀಲರು. ೧೯೧೩ರಲ್ಲಿ ಅವರಿಗೆ ಗಂಡುಮಗು ಹುಟ್ಟಿತು. ಈ ಮಗುವನ್ನು ಹೊಡೆತಬಡಿತದ ಶಾಲೆಗೆ ಕಳುಹಿಸುವುದು ಹೇಗೆಂಬ ಚಿಂತೆಯು ತಂದೆಯನ್ನು ಹಿಡಿಯಿತು. ಆಗ ಅವರಿಗೆ ಮಾಂಟೆಸರಿ ಪದ್ಧತಿಯ ಸಾಹಿತ್ಯವನ್ನು ತೋರಿಸಿದವರು ಬರೋಡಾ ಸೀಮೆಯ ಪುಸ್ತಕಾಲಯ ಚಳುವಳಿಗೆ ಹೆಸರಾದ ಮೋತೀಭಾಯಿ ಅಮೀನರು. ಒಬ್ಬ ಗೃಹಸ್ಥನು ಇನ್ನೊಬ್ಬನ ಕೈಗೆ ಪುಸ್ತಕವನ್ನು ಕೊಟ್ಟನು, ಅಷ್ಟೇ. ಆದರೆ ಓದಿದವನು ೧೯೧೬ರಲ್ಲಿ ವಕೀಲಿಯನ್ನು ತೊರೆದು ಭಾವನಗರದ ದಕ್ಷಿಣಾಮೂರ್ತಿ ಸಂಸ್ಥೆಯನ್ನು ಸೇರಿದನು. ೧೯೨೦ರಲ್ಲಿ ಅಲ್ಲಿ ಬಾಲಮಂದಿರವು ತೆರೆಯಿತು.

ಗಿಜುಭಾಯಿಯವರು ಓದಿದುದನ್ನು ಹಾಗೆಯೇ ನುಂಗಲಿಲ್ಲ. ಮಾಂಟೆಸರಿಯವರು ಎಳೆಯ ಮಕ್ಕಳಿಗೆ ಕಲ್ಪಿತ ಕಥೆಗಳು ಬೇಡವೆಂದು ಹೇಳಿದ್ದರು. ಭಾವನಗರದ ಮಕ್ಕಳು ಕಥೆಗೆ ಬಾಯಿತೆರೆದು ಕೂಡುವುದನ್ನು ಕಂಡ ಗಿಜುಭಾಯಿಯವರು ಜನಪದ ಕಥೆ, ಹಾಡು, ನಾಟಕಗಳನ್ನು ಬಾಲಮಂದಿರದ ನಡುಮನೆಗೆ ತಂದರು. ಪುಸ್ತಕಕ್ಕೂ ಮಗುವಿಗೂ ವಿವಾದ ಬಂದಲ್ಲಿ ಮಗುವಿನ ಸಾಕ್ಷ್ಯವನ್ನೇ ನಂಬಿದರು. ೧೯೨೬ರಲ್ಲಿ ನೂತನ ಬಾಲಶಿಕ್ಷಣ ಸಂಘವು ಹುಟ್ಟಿತು. ಅದರ ‘ಶಿಕ್ಷಣ ಪತ್ರಿಕಾ’ವು ಗುಜರಾತಿಯಲ್ಲಿಯೂ ಮರಾಠಿಯಲ್ಲಿಯೂ ಹೊರಟು, ಇಂಗ್ಲಿಷ್ ಬಾರದ ಉಪಾಧ್ಯಾಯರಿಗೂ ತಾಯಂದಿರಿಗೂ ಹೊಸ ವಿಚಾರಗಳನ್ನು ಮುಟ್ಟಿಸಿತು. ದಪ್ಪ ಮೀಸೆಯ ಈ ವಕೀಲರನ್ನು ಜನರು ‘ಮೀಸೆಯ ತಾಯಿ’ ಎಂದು ಕರೆದರು. ೧೯೩೯ರ ಜೂನಿನಲ್ಲಿ ಅವರು ಕಾಲವಾದರು. ಅದೇ ವರ್ಷದ ನವೆಂಬರಿನಲ್ಲಿ ಮಾಂಟೆಸರಿಯವರು ಮದರಾಸಿಗೆ ಬಂದಿಳಿದರು. ಇಪ್ಪತ್ತು ವರ್ಷ ಯಾರ ವಾರ್ತೆಯನ್ನು ಹೊತ್ತು ತಿರುಗಿದರೋ ಅವರನ್ನು ಸ್ವಾಗತಿಸುವ ಭಾಗ್ಯವು ಐದೇ ತಿಂಗಳುಗಳಿಂದ ಅವರಿಗೆ ತಪ್ಪಿಹೋಯಿತು.

ಮಾಂಟೆಸರಿಯವರು ಅಡ್ಯಾರಿನಲ್ಲಿ ಸುಮಾರು ೩೦೦ ಮಂದಿಗೆ ತರಬೇತು ಕೊಟ್ಟರು. ೧೯೪೦ರಲ್ಲಿ ಇಟಲಿಯು ಯುದ್ಧಕ್ಕಿಳಿದುದರಿಂದ ಶತ್ರುದೇಶದವರೆನಿಸಿ, ೧೯೪೬ರವರೆಗೆ ಇಲ್ಲಿಯೇ ಉಳಿದು ಅಡ್ಯಾರು, ಕೋಡೈಕಾನಲ್ ಮೊದಲಾದೆಡೆಗಳಲ್ಲಿ ಕೆಲಸಮಾಡಿದರು. ಶಿಶುವಿನ ಗ್ರಹಣಶಕ್ತಿಯನ್ನು ಕುರಿತ ಅವರ ಪ್ರಸಿದ್ಧ ಗ್ರಂಥವು ಅಹಮದಾಬಾದಿನ ಉಪನ್ಯಾಸಗಳಿಂದ ರೂಪುಗೊಂಡು ೧೯೪೯ರಲ್ಲಿ ಅಡ್ಯಾರಿನಲ್ಲಿ ಮುದ್ರಿತವಾಯಿತು. ಅದುವರೆಗೆ ಪಶ್ಚಿಮದಿಂದ ಪೂರ್ವಕ್ಕೆ ಹರಿದ ವಾರ್ತೆಯು ಈಗ ಇಲ್ಲಿಂದ ಲೋಕಕ್ಕೆ ಹೊರಟಿತು.

ಗಿಜುಭಾಯಿಯವರ ಸಹೋದ್ಯೋಗಿಯಾದ ತಾರಾಬಾಯಿ ಮೋಡಕರು (೧೮೯೨-೧೯೭೩) ಇನ್ನೂ ಒಂದು ಹೆಜ್ಜೆ ಮುಂದಿಟ್ಟರು. ೧೯೪೫ರಲ್ಲಿ ಠಾಣೆ ಜಿಲ್ಲೆಯ ಬೋರ್ಡಿ ಗ್ರಾಮಕ್ಕೆ ಹೋದಾಗ ಬಡವರ ಮಕ್ಕಳು ಶಾಲೆಗೆ ಬಾರದಿರುವುದನ್ನು ಕಂಡರು. ಆ ಮಕ್ಕಳಿಗೆ ಮನೆಯಲ್ಲಿ ಕೆಲಸವಿತ್ತು, ತಮ್ಮತಂಗಿಯರನ್ನು ಆಡಿಸಬೇಕಿತ್ತು. ಮಕ್ಕಳು ಶಾಲೆಗೆ ಬಾರದಿದ್ದರೆ ಶಾಲೆಯೇ ಅವರ ಅಂಗಳಕ್ಕೆ ಹೋಗಲಿ ಎಂದು ತಾರಾಬಾಯಿಯವರು ನಿಶ್ಚಯಿಸಿದರು. ವಿದೇಶದ ಬೆಲೆಬಾಳುವ ಉಪಕರಣಗಳ ಸ್ಥಾನದಲ್ಲಿ ಬೀಜ, ಕಪ್ಪೆಚಿಪ್ಪು, ಹರಳು, ಎಲೆಗಳು ಬಂದುವು. ಮರಾಠಿಯ ‘ಅಂಗಣ’ವೂ ಕನ್ನಡದ ‘ಅಂಗಳ’ವೂ ಒಂದೇ ಬಳಗದ ಮಾತುಗಳು, ‘ಅಂಗನವಾಡಿ’ ಎಂಬ ಹೆಸರು ಆ ಅಂಗಳದಿಂದಲೇ ಎದ್ದುದು. ತೋಟ, ಮನೆ, ಅಂಗಳ: ಶಿಶುಶಿಕ್ಷಣದ ಚರಿತ್ರೆಯು ಈ ಮೂರು ಮಾತುಗಳಲ್ಲಿ ಅಡಗಿದೆ.

೧೯೭೫ರ ಅಕ್ಟೋಬರ್ ೨ರಂದು ಭಾರತ ಸರಕಾರವು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ೩೩ ಕಡೆಗಳಲ್ಲಿ ಆರಂಭಿಸಿದಾಗ ಅವುಗಳಲ್ಲಿ ಒಂದು ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರ. ಅಲ್ಲಿ ೧೦೦ ಅಂಗನವಾಡಿಗಳು ತೆರೆದುವು. ಇಂದು ದೇಶದಲ್ಲಿ ೧೩ ಲಕ್ಷಕ್ಕೂ ಮಿಕ್ಕ ಅಂಗನವಾಡಿಗಳಿವೆ. ಆದರೆ ಅನ್ನ, ತೂಕ, ಲಸಿಕೆ, ಲೆಕ್ಕದ ಪುಸ್ತಕ ಇವೆಲ್ಲವೂ ಒಬ್ಬಳೇ ಕಾರ್ಯಕರ್ತೆಯ ತಲೆಯ ಮೇಲೆ ಬಿದ್ದುದರಿಂದ ಕಲಿಕೆಗೆ ಸಮಯವೇ ಉಳಿಯಲಿಲ್ಲವೆಂಬ ದೂರು ಹಳೆಯದು. ಇತ್ತೀಚೆಗೆ ತಮಿಳುನಾಡಿನ ೬೪೦ ಕೇಂದ್ರಗಳಲ್ಲಿ ಒಂದು ಪರೀಕ್ಷೆಯು ನಡೆಯಿತು. ಅವುಗಳಲ್ಲಿ ಅರ್ಧದಷ್ಟಕ್ಕೆ ಅರೆಕಾಲದ ಇನ್ನೊಬ್ಬ ಕಾರ್ಯಕರ್ತೆಯನ್ನು ಕಲಿಕೆಗಾಗಿಯೇ ಕೊಟ್ಟರು. ಅಲ್ಲಿ ಕಲಿಕೆಯ ಕಾಲವು ಇಮ್ಮಡಿಯಾಯಿತು. ಮಕ್ಕಳ ಎಣಿಕೆಯೂ ಭಾಷೆಯೂ ಮುಂದುವರಿದುವು. ಹಳೆಯ ಕಾರ್ಯಕರ್ತೆಗೆ ಬಿಡುವು ದೊರೆತುದರಿಂದ ಮಕ್ಕಳ ಪುಷ್ಟಿಯೂ ಸುಧಾರಿಸಿತು. ಇಂಥ ಸಮಾಚಾರವು ವಿದ್ವಾಂಸರ ಪತ್ರಿಕೆಯಲ್ಲಿಯೇ ಉಳಿದರೆ ಅಂಗಳದ ಮಗುವಿಗೆ ಬಂದ ಲಾಭವೇನು?

ವಾರ್ತೆಯನ್ನು ಪೂರ್ಣವಾಗಿ ಓದುವುದೂ ಅಷ್ಟೇ ಮುಖ್ಯ. ಅಮೆರಿಕದ ಇಪ್ಸಿಲಾಂಟಿ ಎಂಬ ಊರಿನಲ್ಲಿ ೧೯೬೨ರಲ್ಲಿ ಆರಂಭವಾದ ಪ್ರಯೋಗದಲ್ಲಿ ೧೨೩ ಬಡಮಕ್ಕಳ ಪೈಕಿ ೫೮ ಮಂದಿಗೆ ಶಿಶುಶಿಕ್ಷಣವು ದೊರೆಯಿತು. ಉಪಾಧ್ಯಾಯಿನಿಯರು ವಾರಕ್ಕೊಮ್ಮೆ ಮನೆಗೂ ಹೋಗಿ ತಾಯಂದಿರನ್ನು ಕಂಡರು. ನಲವತ್ತು ವರ್ಷದ ವಯಸ್ಸಿನಲ್ಲಿಯೂ ಆ ೫೮ ಮಂದಿ ಉದ್ಯೋಗದಲ್ಲಿ, ನಡತೆಯಲ್ಲಿ ಉಳಿದವರಿಗಿಂತ ಮುಂದಿದ್ದರು. ಇದನ್ನು ಕೇಳಿದವರು ಶಿಶುಶಾಲೆಯೆಂಬ ಹೆಸರಿದ್ದರೆ ಸಾಕು, ಫಲವು ನಿಶ್ಚಯ ಎಂದರು. ಆದರೆ ಟೆನೆಸಿ ಸಂಸ್ಥಾನದಲ್ಲಿ ೨,೯೯೦ ಮಕ್ಕಳನ್ನು ಕುರಿತು ೨೦೨೨ರಲ್ಲಿ ಪ್ರಕಟವಾದ ಪರಿಶೀಲನೆಯಲ್ಲಿ, ಸರಕಾರಿ ಶಿಶುಶಾಲೆಗೆ ಹೋದವರು ಆರನೆಯ ತರಗತಿಯಲ್ಲಿ ಹೋಗದವರಿಗಿಂತ ಹಿಂದೆ ಬಿದ್ದಿದ್ದರು. ಒಂದನ್ನು ಮಾತ್ರ ಓದಿದವನು ಕುರುಡು ಭಕ್ತನಾಗುವನು, ಇನ್ನೊಂದನ್ನು ಮಾತ್ರ ಓದಿದವನು ನಾಸ್ತಿಕನಾಗುವನು. ಎರಡನ್ನೂ ಓದಿದವನು ಮಾತ್ರ, ಶಾಲೆಯೊಳಗೆ ಮಗುವಿಗೆ ನಡೆಯುವುದೇನು ಎಂಬ ಸರಿಯಾದ ಪ್ರಶ್ನೆಯನ್ನು ಕೇಳುವನು.

ಮಗುವಿನ ಬಾಲ್ಯವು ನಮ್ಮ ಆಲಸ್ಯಕ್ಕಾಗಿ ಕಾಯುವುದಿಲ್ಲ. ಪ್ರಷ್ಯಾದ ನಿಷೇಧವು ಒಂಬತ್ತು ವರ್ಷಗಳ ಬಳಿಕ ತೊಲಗಿತು; ಆದರೆ ೧೮೫೧ರಲ್ಲಿ ಮೂರು ವರ್ಷದವನಾಗಿದ್ದ ಬಾಲಕನು ಆ ಹೊತ್ತಿಗೆ ಹನ್ನೆರಡು ವರ್ಷದವನಾಗಿದ್ದನು; ತೋಟವು ಅವನಿಗೆ ಮತ್ತೆ ತೆರೆಯಲಿಲ್ಲ. ಆದುದರಿಂದ ಹೊಸ ವಿಚಾರವನ್ನು ಹುಡುಕಿ ಓದುವುದು, ಓದಿದುದನ್ನು ಕಣ್ಣೆದುರಿನ ಮಗುವಿನಲ್ಲಿ ಪರೀಕ್ಷಿಸುವುದು, ತಪ್ಪಿದ್ದರೆ ಒಪ್ಪಿಕೊಳ್ಳುವುದು, ತಿಳಿದುದನ್ನು ನೆರೆಮನೆಗೆ ಮುಟ್ಟಿಸುವುದು ವಿದ್ಯಾವಂತ ಕುಟುಂಬಗಳ ಕರ್ತವ್ಯವಾಗಿದೆ. ಗಿಜುಭಾಯಿಯವರ ಕೈಗೆ ಪುಸ್ತಕವನ್ನು ಕೊಟ್ಟವರು ಮಾಡಿದುದು ಅಷ್ಟೇ. ಅದರಿಂದ ಒಂದು ನಾಡಿನ ಮಕ್ಕಳಿಗೆ ಬಾಲಮಂದಿರದ ಬಾಗಿಲು ತೆರೆಯಿತು.