ರೆಂಬ್ರಾಂಟ್ ಬೆಳಕು

ಭಾವಚಿತ್ರ ಛಾಯಾಗ್ರಹಣದಲ್ಲಿ ಮುಖದ ಒಂದು ಪಾರ್ಶ್ವವನ್ನು ಬೆಳಗಿಸಿ, ಇನ್ನೊಂದನ್ನು ಬಹುಮಟ್ಟಿಗೆ ನೆರಳಿಗೆ ಬಿಡುವ ವಿನ್ಯಾಸ. ಡಚ್ ಚಿತ್ರಕಾರ ರೆಂಬ್ರಾಂಟ್‌ನ (1606–1669) ಭಾವಚಿತ್ರಗಳಿಂದ ಈ ಹೆಸರು ಬಂದಿದೆ. ಅಮೆರಿಕದ ಚಲನಚಿತ್ರ ನಿರ್ದೇಶಕ ಸೆಸಿಲ್ ಬಿ. ಡಿಮಿಲ್ 1915ರ ಸುಮಾರಿಗೆ ಆ ಹೆಸರನ್ನು ಬಳಕೆಗೆ ತಂದನೆಂದು ಹೇಳುತ್ತಾರೆ.

ಮುಖ್ಯ ದೀಪವನ್ನು ಕ್ಯಾಮೆರಾದಿಂದ ಸುಮಾರು 45 ಡಿಗ್ರಿ ಪಕ್ಕಕ್ಕೆ, ಕಣ್ಣಿನ ಮಟ್ಟಕ್ಕಿಂತ ಮೇಲೆ ಇಡುತ್ತಾರೆ. ಆಗ ಮೂಗಿನ ನೆರಳು ಇಳಿದು ಕೆನ್ನೆಯ ನೆರಳನ್ನು ಕೂಡುತ್ತದೆ. ನೆರಳಿನ ಬದಿಯ ಕಣ್ಣಿನ ಕೆಳಗೆ ಬೆಳಕಿನ ತಲೆಕೆಳಗಾದ ತ್ರಿಕೋನ ಉಳಿಯುತ್ತದೆ. ಅದು ಕಣ್ಣಿಗಿಂತ ಅಗಲವಾಗಬಾರದು, ಮೂಗಿಗಿಂತ ಕೆಳಗಿಳಿಯಬಾರದು. ತ್ರಿಕೋನಕ್ಕಿಂತಲೂ ಮುಖ್ಯವಾದದ್ದು ಆ ಕಣ್ಣಿನಲ್ಲಿ ಹೊಳೆಯುವ ಚುಕ್ಕೆ. ದೀಪ ತೀರಾ ಮೇಲೇರಿದರೆ ಹುಬ್ಬಿನ ನೆರಳು ಅದನ್ನು ನುಂಗಿ ನೋಟವೇ ಸತ್ತುಹೋಗುತ್ತದೆ. ಕಣ್ಣು ಆಳಕ್ಕಿಳಿದವರಿಗೆ ದೀಪವನ್ನು ತುಸು ಇಳಿಸಬೇಕು.

ನೆರಳನ್ನು ಎದುರು ಬದಿಯ ಬಿಳಿ ಥರ್ಮೋಕೋಲ್ ಹಲಗೆಯಿಂದ ತಿಳಿಗೊಳಿಸಬಹುದು, ಕಪ್ಪು ಬಟ್ಟೆಯಿಂದ ಗಾಢವಾಗಿಸಬಹುದು. ಎರಡು ಬದಿಗಳ ನಡುವೆ ಎರಡು ಸ್ಟಾಪ್ (ಒಂದು ಸ್ಟಾಪ್ ಎಂದರೆ ಬೆಳಕು ಇಮ್ಮಡಿ) ಅಂತರವಿದ್ದರೆ ಬೆಳಕಿನ ಅನುಪಾತ 4:1, ಮೂರಿದ್ದರೆ 8:1. ಎಕ್ಸ್‌ಪೋಶರನ್ನು ಬೆಳಗಿದ ಕೆನ್ನೆಗೆ ಅಳೆಯಬೇಕು. ಸರಾಸರಿ ಅಳತೆ ಕಪ್ಪು ಹಿನ್ನೆಲೆಗೆ ಮೋಸಹೋಗಿ ಮುಖವನ್ನು ಬಿಳಿಚಿಸುತ್ತದೆ. ಕಪ್ಪು ಮೈಬಣ್ಣದಲ್ಲಿ ಮುಖದ ಆಕಾರ ಮೂಡುವುದು ನೆರಳಿಗಿಂತ ಹೆಚ್ಚಾಗಿ ಚರ್ಮದ ಹೊಳಪಿನಿಂದ. ಅಲ್ಲಿ ಸಣ್ಣ ದೀಪಕ್ಕಿಂತ ಅಗಲವಾದ ಬೆಳಕು ಚೆನ್ನ. ಸ್ಟುಡಿಯೊ ಬೇಕೆಂದೇನೂ ಇಲ್ಲ: ನೇರ ಬಿಸಿಲು ಬೀಳದ ಒಂದೇ ಕಿಟಕಿ, ಅದರ ಕೆಳಭಾಗ ಮುಚ್ಚಿದರೆ, ಸಾಕು.

ಭಾರತೀಯ ಸಿನಿಮಾದಲ್ಲಿ ಇದೇ ಕುಲದ ಕೆಲಸಕ್ಕೆ ಹಿರಿಯ ಉದಾಹರಣೆ ‘ಕಾಗಜ್ ಕೆ ಫೂಲ್’ (1959). ಅದರ ಛಾಯಾಗ್ರಾಹಕ, ಮೈಸೂರಿನ ವಿ.ಕೆ. ಮೂರ್ತಿ, ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕರು.