ಕುದಿಯೋ ಬುಗ್ಗೆ, 30 ಕೋಟಿ ಡಾಲರ್ ಲೆಕ್ಕ

ಕೋವಿಡ್ ಟೈಮಲ್ಲಿ ಮೂಗಿಗೆ ಕಡ್ಡಿ ಹಾಕಿಸ್ಕೊಂಡು ಆರ್‌ಟಿ-ಪಿಸಿಆರ್ ರಿಪೋರ್ಟಿಗೆ ಕಾದಿದ್ದು ನೆನಪಿದೆಯಲ್ಲ? ಆ ಪಿಸಿಆರ್ ಹಿಂದೆ ಬಿದ್ದು ಹೋದ್ರೆ ಅಮೆರಿಕದ ಯೆಲ್ಲೋಸ್ಟೋನ್ ಉದ್ಯಾನದ ಒಂದು ಬಿಸಿನೀರಿನ ಬುಗ್ಗೆ ಸಿಗುತ್ತೆ.

1964ರಲ್ಲಿ ಥಾಮಸ್ ಬ್ರಾಕ್ ಎಂಬ ಸೂಕ್ಷ್ಮಜೀವಿ ವಿಜ್ಞಾನಿ ಮೊದಲ ಸಲ ಅಲ್ಲಿಗೆ ಹೋದರು. ಕೈ ಇಟ್ಟರೆ ಬೊಬ್ಬೆ ಏಳೋ ನೀರು. ಅದು ಹರಿದು ಹೋಗೋ ದಾರಿಯಲ್ಲಿ ಬಣ್ಣಬಣ್ಣದ ಪಾಚಿಯಂಥ ಪದರ. ಇಷ್ಟು ಬಿಸಿಯಲ್ಲಿ ಬದುಕಿರೋದು ಯಾರು?

ಆಗ ಶಾಖ ಇಷ್ಟಪಡುವ ಬ್ಯಾಕ್ಟೀರಿಯಾಗಳನ್ನು ಲ್ಯಾಬಿನಲ್ಲಿ 55 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸೋದು ರೂಢಿ. ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್ (ಹೌದು, ಬಿಸಿನೀರು ಹುಡುಕೋರ ಹೆಸರು ಫ್ರೀಜ್!) 70 ಡಿಗ್ರಿಗೆ ಏರಿಸಿದರು. ಮಶ್ರೂಮ್ ಸ್ಪ್ರಿಂಗ್ ಎಂಬ ಬುಗ್ಗೆಯ ಮಾದರಿಯಲ್ಲಿ ಸಿಕ್ಕಿದ ಆ ಜೀವಿಗೆ 1969ರಲ್ಲಿ ಥರ್ಮಸ್ ಅಕ್ವಾಟಿಕಸ್ ಅಂತ ಹೆಸರಿಟ್ಟರು. ಪೇಟೆಂಟ್ ಗೀಟೆಂಟ್ ಏನಿಲ್ಲ, ಬೇಕಾದವರು ತಗೊಳ್ಳಲಿ ಅಂತ ಸಾರ್ವಜನಿಕ ಸಂಗ್ರಹಕ್ಕೆ ಕೊಟ್ಟುಬಿಟ್ಟರು.

ಇನ್ನೊಂದು ಕಡೆ ಕ್ಯಾಲಿಫೋರ್ನಿಯಾದ ಸೀಟಸ್ ಕಂಪನಿಯಲ್ಲಿ ಕ್ಯಾರಿ ಮುಲ್ಲಿಸ್‌ಗೆ 1983ರಲ್ಲಿ ಪಿಸಿಆರ್ ಐಡಿಯಾ ಹೊಳೆಯಿತು. ಡಿಎನ್‌ಎ ನಕಲು ಮಾಡಬೇಕು ಅಂದ್ರೆ ಮೊದಲು ಅದನ್ನ ಸುಮಾರು 95 ಡಿಗ್ರಿಗೆ ಕಾಯಿಸಿ ಎರಡು ಎಳೆ ಬಿಡಿಸಬೇಕು. ಆ ಬಿಸಿಗೆ ನಕಲು ಮಾಡೋ ಕಿಣ್ವವೇ ಹಾಳಾಗ್ತಿತ್ತು. ಪ್ರತಿ ಸುತ್ತಿಗೂ ಹೊಸದಾಗಿ ಹಾಕಬೇಕು. ಒಗ್ಗರಣೆ ಸೀದಾಗಲೆಲ್ಲ ಮತ್ತೆ ಸಾಸಿವೆ ಹಾಕಿದ ಹಾಗೆ. ಬುಗ್ಗೆಯ ಬ್ಯಾಕ್ಟೀರಿಯಾದ ಕಿಣ್ವಕ್ಕೆ ಈ ಬಿಸಿ ಲೆಕ್ಕಕ್ಕೇ ಇಲ್ಲ. ಒಂದು ಸಲ ಹಾಕಿ, ಮೆಷಿನ್ ಆನ್ ಮಾಡಿದ್ರೆ ಮುಗೀತು.

ಈಗ ನನ್ನ ಬಿಕಾಂ ಬುದ್ಧಿಗೆ ಕೆಲಸ. 1991ರಲ್ಲಿ ಪಿಸಿಆರ್ ಹಕ್ಕುಗಳನ್ನು ರೋಷ್ ಕಂಪನಿ ಕೊಂಡಿದ್ದು 30 ಕೋಟಿ ಡಾಲರ್‌ಗೆ. ಮುಲ್ಲಿಸ್‌ಗೆ 1993ರಲ್ಲಿ ನೊಬೆಲ್. ಬುಗ್ಗೆ ಕಾಯ್ದುಕೊಂಡು ಬಂದ ಉದ್ಯಾನಕ್ಕೆ? ಸೊನ್ನೆ. ಕಾನೂನಿನ ಪ್ರಕಾರ ತಪ್ಪೇನಿಲ್ಲ, ಆದ್ರೂ ನನಗೆ ಈ ಬ್ಯಾಲೆನ್ಸ್ ಶೀಟ್ ಟ್ಯಾಲಿ ಆಗಲ್ಲ. ಉದ್ಯಾನದವರು ಪಾಠ ಕಲಿತು 1997ರಲ್ಲಿ ಡೈವರ್ಸಾ ಎಂಬ ಕಂಪನಿ ಜೊತೆ ಲಾಭ ಹಂಚಿಕೆ ಒಪ್ಪಂದ ಮಾಡಿಕೊಂಡರು. ಅದಕ್ಕೂ ಕೋರ್ಟ್ ಕೇಸ್ ಬಿತ್ತು.

ಬ್ರಾಕ್ 2021ರ ಏಪ್ರಿಲ್‌ನಲ್ಲಿ ತೀರಿಕೊಂಡರು. ಅದೇ ತಿಂಗಳು ನಾನು ಟೆಸ್ಟ್ ಕ್ಯೂನಲ್ಲಿ ನಿಂತಿದ್ದೆ. ಅವರ ಹೆಸರೇ ಕೇಳಿರಲಿಲ್ಲ.